ಕುದುರೆಗೆ ಕಟಿಂಗು, ಕಂಟಿನ್ಯುಟಿಗೆ ಕತ್ತರಿ!

ಗೆಳೆಯರೇ, ಈ ವಾರ ಹೀರೋ ಸುದ್ದಿ ಇಲ್ಲ, ಹೀರೋಯಿನ್ ಸುದ್ದಿಯೂ ಇಲ್ಲ. ಹೀರೋ ಯಾರ ಬೆನ್ನ ಮೇಲೆ ಕೂತು ಎಂಟ್ರಿ ಕೊಡ್ತಾನೋ, ಅವರ ಸುದ್ದಿ!

ಹೊಸದುರ್ಗದಿಂದ ಓದುಗ ಮಿತ್ರರೊಬ್ಬರು ಕಾರ್ಡು ಬರೆದಿದ್ದಾರೆ. 'ಸ್ವಾಮೀ, ಪಿಕ್ಚರಿನಲ್ಲಿ ಬರೋ ಕುದುರೆಗಳ ಮೈ ಕನ್ನಡಿ ಥರಾ ಹೊಳೆಯುತ್ತದಲ್ಲ, ಅದು ಹೇಗೆ? ಎಣ್ಣೆ ಹಚ್ಚುತ್ತಾರೆ ಅಂತ ನಾನು, ಮೈಕೂದಲು ಬೋಳಿಸ್ತಾರೆ ಅಂತ ನನ್ನ ಗೆಳೆಯ. ಎರಡು ಮಸಾಲೆ ದೋಸೆ ಪಂದ್ಯ ಇದೆ. ಬೇಗ ತೀರ್ಪು ಕೊಡಿ.' ಕಾರ್ಡು ಕೈಗೆ ಬಂದ ದಿನ ನಾನು ಒಳಗೊಳಗೇ ನಕ್ಕೆ. ಯಾಕೆ ಅಂದರೆ ಹೋದ ಮಾರ್ಚಿನಲ್ಲಿ ಇದೇ ವಿಷಯಕ್ಕೆ ಒಂದು ಷೂಟಿಂಗೇ ನಿಂತುಹೋಗೋ ಹಾಗಾಗಿತ್ತು. ನಾನು ಅಲ್ಲೇ ಇದ್ದೆ. ಬರೀ ಇದ್ದದ್ದಲ್ಲ, ಮಿಷನ್ ಕೈಯಲ್ಲಿ ಹಿಡಿದಿದ್ದೆ!

ಹೇಳ್ತೀನಿ. ಅದಕ್ಕೆ ಮೊದಲು ಒಂದು ಮಾತು. ಕುದುರೆಯನ್ನ ಸಿನೆಮಾದ ಎಕ್ಸ್‌ಟ್ರಾ ಅಂತ ತಿಳಿಯಬೇಡಿ. ಸಿನೆಮಾಗಿಂತ ಸೀನಿಯರ್ ಅದು! 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೋಗ್ರಾಫರು ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ನಾಗಾಲೋಟದಲ್ಲಿ ಬರುತ್ತಿದ್ದ ಸ್ಯಾಲಿ ಗಾರ್ಡನರ್ ಎಂಬ ಹೆಣ್ಣು ಕುದುರೆಯನ್ನು ಒಂದೊಂದು ಹೆಜ್ಜೆಯಲ್ಲೂ ಹಿಡಿದ. ಓಡುವಾಗ ಒಂದು ಕ್ಷಣ ಕುದುರೆಯ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ ಎಂಬುದು ಲೋಕಕ್ಕೆ ಗೊತ್ತಾದದ್ದು ಆ ಕಾಲದ ಇಂಥ ಚಿತ್ರಗಳಿಂದಲೇ. ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಕೊಟ್ಟು ಚಿತ್ರ ತೋರಿಸಿದ್ದು 1895ರಲ್ಲಿ. ಅಂದರೆ ಮೊದಲ ಹೀರೋಗಿಂತ ಹದಿನೇಳು ವರ್ಷ ಮೊದಲೇ ಕುದುರೆಯ ಕಾಲ್‌ಷೀಟು ಮುಗಿದಿತ್ತು! ಇನ್ನು ನಮ್ಮ ಕಡೆ ಬನ್ನಿ. 1975ರಲ್ಲಿ 'ಮಯೂರ'ದಲ್ಲಿ ಅಣ್ಣಾವ್ರು ಕುದುರೆ ಏರಿ ಬಂದದ್ದು, ಅದೇ ವರ್ಷ ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯಲ್ಲಿ ಬಸಂತಿಯ ಟಾಂಗಾ ಎಳೆದ ಧನ್ನೋ... ಮರೆಯೋಕಾಗುತ್ತಾ? ಬಸಂತಿಗೆ ಶಿಳ್ಳೆ ಹೊಡೆದವರು ಧನ್ನೋಗೂ ಹೊಡೆದಿದ್ದಾರೆ.

ಸರಿ, ಕಥೆಗೆ ಬರೋಣ. ಕೆಂಗೇರಿ ದಾಟಿ ಒಳಗೆ ಹೋದರೆ ಒಂದು ಹಳ್ಳಿ, ಅಲ್ಲೊಂದು ಶೀಟಿನ ಲಾಯ, ಅದರಲ್ಲಿ ಮೂರು ಕುದುರೆ. ನೋಡಿಕೊಳ್ಳುವವರು ಒಬ್ಬ ಮುದುಕರು. ರೇಸ್ ಕುದುರೆಗಳ ಸೈಸ್ ಆಗಿ ನಲವತ್ತು ವರ್ಷ ದುಡಿದವರು. ಎಲ್ಲರೂ ಅವರನ್ನ ಚಾಚಾ ಅಂತಾರೆ, ನಾನೂ ಅಷ್ಟೇ ಅಂತೀನಿ. ಮದುವೆ ಮೆರವಣಿಗೆ, ಷೂಟಿಂಗು, ಇವೇ ಆ ಮೂರು ಕುದುರೆಗಳ ಹೊಟ್ಟೆಪಾಡು, ಚಾಚಾನ ಹೊಟ್ಟೆಪಾಡೂ ಅದೇ. ಮೂವರಲ್ಲಿ ಹಿರಿಯಳು ರಾಣಿ. ಕಂದು ಮೈ, ಕಪ್ಪು ಕಾಲು, ಹಣೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ. ವಯಸ್ಸು ಇಪ್ಪತ್ತು ದಾಟಿದೆ. ಹೀರೋಯಿನ್ ಹತ್ತಿ ಕೂತು ಕಿರುಚಿದರೂ ಕಿವಿ ಅಲ್ಲಾಡಿಸದ ಸಾಧ್ವಿ. ಅದಕ್ಕೇ ಗಾಂಧಿನಗರದವರಿಗೆ ಅವಳೇ ಬೇಕು.

ಆದರೆ ರಾಣಿಗೆ ಒಂದು ವಿಚಿತ್ರ ಶುರುವಾಗಿತ್ತು. ಚಳಿಗಾಲಕ್ಕೆ ಬೆಳೆದ ಕೂದಲು ಉದುರುವುದನ್ನೇ ಬಿಟ್ಟಿತ್ತು! ಬೆರಳುದ್ದ, ಗುಂಗುರು ಗುಂಗುರು. ಊರ ಹುಡುಗರು 'ಕರಡಿ ಬಂತು' ಅಂತ ಕೂಗೋರು. ಜನವರಿಯಲ್ಲಿ ಒಂದು ಹಾಡಿನ ಷೂಟಿಂಗಿಗೆ ಹೋದಾಗ ಡೈರೆಕ್ಟರ್ ಮಹಾಶಯರು ಈ ಗುಂಗುರನ್ನು ನೋಡಿ ಮರುಳಾಗಿಬಿಟ್ಟರಂತೆ. 'ಸ್ಲೋ ಮೋಷನ್‌ನಲ್ಲಿ ಗಾಳಿಗೆ ಹಾರಿದರೆ ಫಸ್ಟ್‌ಕ್ಲಾಸ್ ಕಣ್ರೀ!' ಅರ್ಧ ಹಾಡು ತೆಗೆದರು. ಉಳಿದರ್ಧಕ್ಕೆ ಏಪ್ರಿಲ್ ಮೊದಲ ವಾರ ಕಾಲ್‌ಷೀಟು. ಅಡ್ವಾನ್ಸು ಚಾಚಾನ ಕೈಗೆ ಬಂತು, ಹುಲ್ಲು ಹುರುಳಿಯಾಗಿ ಕರಗಿಯೂ ಹೋಯಿತು.

ಮಾರ್ಚಿ ಬಂತು. ಬೆಂಗಳೂರಿನ ಮಾರ್ಚಿ ನಿಮಗೆ ಗೊತ್ತೇ ಇದೆ, 33-34 ಡಿಗ್ರಿ. ನಾನು ಹಾಡಿನ ಸುದ್ದಿ ಹಿಡಿಯೋಕೆ ಅಂತ ಸ್ಕೂಟರ್ ತಳ್ಳಿಕೊಂಡು ಹೋದರೆ ಚಾಚಾ ಲಾಯದ ಮುಂದೆ ಗಡಿಯಾರ ಹಿಡಿದು ಕೂತಿದ್ದಾರೆ. ರಾಣಿಯ ಉಸಿರು ಎಣಿಸ್ತಾ ಇದ್ದಾರೆ! ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡಬೇಕು. ಇವಳು ನೆರಳಲ್ಲಿ ನಿಂತು 40. ಪಕ್ಕೆಯಿಂದ ಬೆವರು ತೊಟ್ಟಿಕ್ಕುತ್ತಿದೆ, ಗುಂಗುರಿನೊಳಗೆ ಸೋಪಿನ ಹಾಗೆ ನೊರೆ. (ಈ ನೊರೆ ಸುಳ್ಳಲ್ಲ. ಕುದುರೆಯ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನು ಇದೆ, ಅದೇ ಸೋಪಿನ ಕೆಲಸ ಮಾಡೋದು. ಬೆವರು ಕೂದಲ ಬುಡದಿಂದ ತುದಿಗೆ ಹರಡಿ ಬೇಗ ಆರಲಿ, ಮೈ ತಂಪಾಗಲಿ ಅಂತ. ಆದರೆ ಕೂದಲೇ ಕಂಬಳಿ ಆದರೆ ಆರೋದೆಲ್ಲಿ?)

ಪಶುವೈದ್ಯರು ಬಂದರು, ರಕ್ತ ಪರೀಕ್ಷೆಗೆ ಕಳಿಸಿದರು, ಕಾಯಿಲೆಗೆ ಹೆಸರಿಟ್ಟರು. ಕುಷಿಂಗ್ಸ್ ಅಂತ. ಹೆದರಬೇಡಿ, ವಿವರಿಸ್ತೀನಿ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಒಂದು ಪುಟ್ಟ ಗ್ರಂಥಿ. ವಯಸ್ಸಾದ ಕುದುರೆಗಳಲ್ಲಿ ಅದರ ಒಂದು ಭಾಗಕ್ಕೆ ಲಗಾಮು ತಪ್ಪುತ್ತದೆ, ಹಾರ್ಮೋನು ಬೇಕಾಬಿಟ್ಟಿ ಸುರಿಯುತ್ತದೆ. ಕೂದಲು ಉದುರೋದಿಲ್ಲ, ಬೆನ್ನಿನ ಮಾಂಸಖಂಡ ಕರಗುತ್ತದೆ, ನೀರಡಿಕೆ ಹೆಚ್ಚು, ಗೊರಸಿನೊಳಗೆ ಉರಿ ಬರೋ ಭಯ. ಅಪರೂಪದ್ದೇನಲ್ಲ, ಆಸ್ಟ್ರೇಲಿಯಾದಲ್ಲಿ ನೋಡಿದಾಗ ಹದಿನೈದು ದಾಟಿದ ಕುದುರೆಗಳಲ್ಲಿ ಐದಕ್ಕೊಂದರಲ್ಲಿ ಕಾಣಿಸಿದೆ. ಪರ್ಗೊಲೈಡ್ ಅನ್ನೋ ಮಾತ್ರೆ ಇದೆ, ಜೀವನಪೂರ್ತಿ ಕೊಡಬೇಕು. ಒಂದು ಕಾಲಕ್ಕೆ ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಕೊಡ್ತಿದ್ದ ಮಾತ್ರೆ ಅದು. ಬೆಲ್ಲ ಬಂದ್. 'ಅದೆಲ್ಲ ಆಮೇಲೆ,' ಅಂದರು ಡಾಕ್ಟರು, 'ಮೊದಲು ಈ ಕೂದಲು ತೆಗೀರಿ. ಈ ವಾರವೇ.'

ಅಲ್ಲೇ ನೋಡಿ ಇಂಟರ್‌ವಲ್ ಬಾಂಬು! ಕಂದು ಕುದುರೆಯ ಕೂದಲು ತೆಗೆದರೆ ಅದು ಕಂದಾಗಿ ಉಳಿಯೋದಿಲ್ಲ. ಕೂದಲಿನ ಬಣ್ಣ ಗಾಢವಾಗಿರೋದು ತುದಿಯಲ್ಲಿ, ಬುಡ ಮಾಸಲು. ತುದಿ ಕತ್ತರಿಸಿದರೆ ಬುಡ ಹೊರಗೆ ಬರುತ್ತೆ. ಚಿನ್ನದಂಥ ಕಂದು ಹೋಗಿ ಇಲಿ ಬಣ್ಣ. ಅರ್ಧ ಹಾಡಿನಲ್ಲಿ ಕಂದು ಗುಂಗುರು, ಉಳಿದರ್ಧದಲ್ಲಿ ಬೂದು ನುಣುಪು... ಕಂಟಿನ್ಯುಟಿ ಗತಿ ಏನು ಸ್ವಾಮಿ?

ಹೊಸದುರ್ಗದ ಮಿತ್ರರು ಇಲ್ಲೇ ತೀರ್ಪು ತಗೊಳ್ಳಲಿ. ಕತ್ತರಿಸಿದ ಮೈ ಹೊಳೆಯೋದಿಲ್ಲ, ಒಂದೆರಡು ವಾರ ಮಂಕಾಗೇ ಇರುತ್ತೆ. ಹೊಳಪು ಬರೋದು ಗಿಡ್ಡ ಬೇಸಿಗೆ ಕೂದಲು ಮೈಗಂಟಿ ಮಲಗಿದಾಗ, ದಿನಾ ಖರಾರ, ಬ್ರಶ್ಶು ಹಿಡಿದು ಉಜ್ಜಿ ಚರ್ಮದ ಜಿಡ್ಡು ಕೂದಲ ತುದಿವರೆಗೂ ಏರಿದಾಗ. ಎಣ್ಣೆ ಹೌದು, ಆದರೆ ಅದರದ್ದೇ ಎಣ್ಣೆ. ಷಾಟ್‌ಗೆ ಮುಂಚೆ ಪಂಪಿನಲ್ಲಿ ನೀರು ಸಿಂಪಡಿಸೋದನ್ನೂ ನೋಡಿದ್ದೀನಿ. ಇಬ್ಬರೂ ಅರ್ಧರ್ಧ ಸೋತಿರಿ, ಬಿಲ್ಲು ಹಂಚಿಕೊಳ್ಳಿ.

ಪ್ರೊಡಕ್ಷನ್ ಮೇನೇಜರಿಗೆ ಸುದ್ದಿ ಮುಟ್ಟಿತು. ಮನುಷ್ಯ ಅರ್ಧ ಗಂಟೆಯಲ್ಲಿ ಹಾಜರ್. 'ಚಾಚಾ, ಮೂರೇ ವಾರ! ಷೂಟಿಂಗ್ ಮುಗಿದ ಮಾರನೇ ದಿನ ಬೇಕಾದರೆ ಗುಂಡು ಹೊಡೆಸಿ, ನಾನೇ ತಿರುಪತಿಗೆ ಕರಕೊಂಡು ಹೋಗ್ತೀನಿ.' ಫ್ಯಾನ್ ಹಾಕಿಸ್ತೀನಿ ಅಂದ, ಐಸ್ ತರಿಸ್ತೀನಿ ಅಂದ. ಕೊನೆಗೆ ಅಡ್ವಾನ್ಸಿನ ಮಾತು ಎತ್ತಿದ. ಅವನನ್ನೂ ಪೂರ್ತಿ ಬೈಯೋ ಹಾಗಿಲ್ಲ ಗೆಳೆಯರೇ, ಅವನ ತಲೆ ಮೇಲೆ ಇನ್ನೊಬ್ಬ, ಆ ಇನ್ನೊಬ್ಬನ ತಲೆ ಮೇಲೆ ಫೈನಾನ್ಸಿಯರ್. ಚಾಚಾ ಬೀಡಿ ಹಚ್ಚಿದರು, ಆರಿಸಿದರು. ರಾಣಿಯ ಉಸಿರು ಇನ್ನೊಮ್ಮೆ ಎಣಿಸಿದರು. 'ಮೂರು ವಾರ ನೀವು ಕಂಬಳಿ ಹೊದ್ಕೊಂಡು ಈ ಬಿಸಿಲಲ್ಲಿ ಓಡಾಡಿ ಸಾರ್, ಆಮೇಲೆ ಮಾತಾಡೋಣ' ಅಂದರು. ಅಷ್ಟೇ.

ಕುದುರೆ ಕೂದಲು ತೆಗೆಯೋದು ನಮ್ಮ ಊರಿನ ಪದ್ಧತಿ ಅಂತೂ ಅಲ್ಲ. ಅದರ ತವರು ಇಂಗ್ಲೆಂಡಿನಂಥ ಚಳಿ ದೇಶ. ಕುದುರೆಗೆ ಕೂದಲು ಬೆಳೆಸು, ಉದುರಿಸು ಅಂತ ಹೇಳೋದು ಮುಖ್ಯವಾಗಿ ಚಳಿಯಲ್ಲ, ಹಗಲಿನ ಉದ್ದ. ಹಗಲು ಗಿಡ್ಡವಾದರೆ ಬೆಳೆಸು, ಉದ್ದವಾದರೆ ಉದುರಿಸು. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇಲ್ಲ, ಜೂನಿನಲ್ಲಿ ಹದಿನಾರು ದಾಟುತ್ತೆ. ನಮ್ಮ ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ಅಲ್ಲಿ ಚಳಿಗಾಲದಲ್ಲಿ ದಟ್ಟ ಕೂದಲಿನ ಕುದುರೆಯನ್ನು ಬೇಟೆಗೆ, ಗಾಡಿಗೆ ದುಡಿಸಿದರೆ ಬೆವರಿ ತೊಯ್ದು, ಒದ್ದೆ ಮೈಯಲ್ಲೇ ರಾತ್ರಿ ಕಳೀಬೇಕು. ಅದಕ್ಕೇ ಕತ್ತರಿಸೋದು ಕಲಿತರು. ಮೊದಮೊದಲು ಕತ್ತರಿ, ದೀಪದ ಜ್ವಾಲೆಯಲ್ಲಿ ಸುಡೋದು, ಆಮೇಲೆ ಮಿಷನ್ನು. ಅಡುಗೆಮನೆಯ ಮಿಕ್ಸರಿಗೆ ಹೆಸರಾದ ಅಮೆರಿಕದ ಸನ್‌ಬೀಮ್ ಕಂಪೆನಿ ಇದೆಯಲ್ಲ, ಅದು 1890ರ ದಶಕದ ಕೊನೆಗೆ ಚಿಕಾಗೋದಲ್ಲಿ ಬೇರೆ ಹೆಸರಿನಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಕುದುರೆ ಕೂದಲು ಕತ್ತರಿಸೋ ಮಿಷನ್ನು! ಚಟ್ನಿ ಆಮೇಲೆ ಬಂತು.

ಕತ್ತರಿಸೋದು ಸುಲಭ, ಆಮೇಲಿನ ಹೊಣೆ ಕಷ್ಟ. ಮೊದಲ ಮಹಾಯುದ್ಧದಲ್ಲಿ ಕಜ್ಜಿ ಹರಡದಿರಲಿ ಅಂತ ಬ್ರಿಟಿಷ್ ಸೈನ್ಯದವರು ಫ್ರಾನ್ಸಿನಲ್ಲಿ ಕುದುರೆಗಳ ಮೈ ಕತ್ತರಿಸಿದರು. 1917ರ ವಸಂತದಲ್ಲಿ, ಅರಾಸ್ ಕದನದ ಹೊತ್ತಿಗೆ, ಹಿಮ ಸುರಿಯಿತು. ಮೈ ಮೇಲೆ ಕೂದಲಿಲ್ಲ, ಹೊದಿಕೆ ಇಲ್ಲ, ಮೇವೂ ಸಾಲದು. ನಿಂತಲ್ಲೇ ಬಿದ್ದು ಸತ್ತ ಕುದುರೆಗಳು ಎಷ್ಟೋ. ಆ ಯುದ್ಧದ ಕುದುರೆಯೊಂದರ ಕಥೆಯನ್ನೇ ಸ್ಪೀಲ್‌ಬರ್ಗ್ 2011ರಲ್ಲಿ 'ವಾರ್ ಹಾರ್ಸ್' ಅಂತ ತೆಗೆದರು, ನೋಡಿರ್ತೀರಿ. ಅದರಲ್ಲಿ ಜೋಯಿ ಎಂಬ ಒಂದು ಕುದುರೆಯ ಪಾತ್ರಕ್ಕೆ 14 ಕುದುರೆಗಳು! ಎಲ್ಲವೂ ಒಂದೇ ಥರ ಕಾಣೋ ಹಾಗೆ ಕಾಲಿಗೆ, ಹಣೆಗೆ ಬಿಳಿ ಬಣ್ಣದ ಮೇಕಪ್ಪು. ಅವರಿಗೆ ಹದಿನಾಲ್ಕು, ನಮ್ಮ ಡೈರೆಕ್ಟರಿಗೆ ಒಂದೇ ರಾಣಿ. ಏನು ಮಾಡ್ತೀರಿ!

ರಾಣಿಗೆ ಇದು ಮೊದಲ ಸಲ. ನನಗಂತೂ ಕುದುರೆ ಮುಟ್ಟೋದೇ ಹೆಚ್ಚು. ಚಾಚಾಗೆ ಮಾತ್ರ ಹಳೇ ಕಸುಬು, ಆದರೂ ಅವರು ಮಿಷನ್ನನ್ನು ಆರು ದಿನ ಹೊರಗೇ ತೆಗೆಯಲಿಲ್ಲ. ಬದಲಿಗೆ ಹಳ್ಳಿಯ ಕಟಿಂಗ್ ಷಾಪಿನಿಂದ ಒಂದು ಪುಟ್ಟ ಟ್ರಿಮ್ಮರ್ ಎರವಲು ತಂದರು. ರಾಣಿ ಹುಲ್ಲು ತಿನ್ನೋ ಹೊತ್ತಿಗೆ ಹತ್ತು ಹೆಜ್ಜೆ ದೂರದಲ್ಲಿ ಅದನ್ನ ಚಾಲೂ ಮಾಡಿ ಇಟ್ಟು ಬೀಡಿ ಸೇದ್ತಾ ಕೂರೋದು. ಮಾರನೇ ದಿನ ಎಂಟು ಹೆಜ್ಜೆ. ಕುದುರೆಯ ಕಿವಿ ನಮ್ಮ ಕಿವಿ ಅಲ್ಲ. ನಮಗೆ ಕೇಳೋದು ಹೆಚ್ಚೆಂದರೆ 20,000 ಕಂಪನದವರೆಗೆ, ಅದಕ್ಕೆ 33,000ದವರೆಗೂ ಕೇಳುತ್ತೆ. ನಮಗೆ 'ಗುಂಯ್' ಅನ್ನೋ ಮಿಷನ್ನು ಅದಕ್ಕೆ ಇನ್ನೇನು ಕಿರುಚುತ್ತೋ! ಚರ್ಮದ ಸೂಕ್ಷ್ಮ ಕೇಳಲೇಬೇಡಿ, ನೊಣ ಕೂತರೆ ಆ ಜಾಗದ ಚರ್ಮ ಮಾತ್ರ ಅದುರಿಸಿ ಓಡಿಸುತ್ತೆ. ಇಂಥವಳ ಮೈಮೇಲೆ ನಡುಗೋ ಕಬ್ಬಿಣ ಇಡಬೇಕು. 'ಒದೆಯೋ ಕುದುರೆ ಕೆಟ್ಟದ್ದಲ್ಲ, ಹೆದರಿದ್ದು' ಅನ್ನೋದು ಚಾಚಾನ ಸಿದ್ಧಾಂತ. ಡಾಕ್ಟರು ಮಂಪರು ಇಂಜೆಕ್ಷನ್ ಕೊಡ್ತೀನಿ ಅಂದಿದ್ದರು. 'ಇರ್ಲಿ ಸಾರ್, ಕೇಳಿ ನೋಡೋಣ, ಬೇಡ ಅಂದ್ರೆ ಆಮೇಲೆ' ಅಂದರು. ಕೇಳೋದು ಅಂದರೆ ಡಾಕ್ಟರನ್ನಲ್ಲ, ರಾಣಿಯನ್ನ!

ಶನಿವಾರ ಮಧ್ಯಾಹ್ನ ರಾಣಿಗೆ ಸ್ನಾನ. ಧೂಳು ಜಿಡ್ಡು ಇದ್ದರೆ ಬ್ಲೇಡು ಕಚ್ಚಿಕೊಂಡು ಎಳೆಯುತ್ತೆ, ಮಂಡಾಗುತ್ತೆ. ಭಾನುವಾರ ಬೆಳಿಗ್ಗೆ ಅಂಗಳ ಒಣಗಿದೆ, ರಬ್ಬರ್ ಚಾಪೆ ಹಾಸಿದೆ. ವೈರು ಕುದುರೆಯ ಕಾಲಿನ ಹತ್ತಿರ ಸುಳಿಯೋ ಹಾಗಿಲ್ಲ, ಪ್ಲಗ್ಗಿನ ಹತ್ತಿರ ಷಾಕ್ ಹೊಡೆದರೆ ತಾನೇ ಕರೆಂಟು ಕಡಿಯೋ ಬ್ರೇಕರ್. ಲಾಳ ಹೊಡೆದ ಕಾಲು, ಒದ್ದೆ ನೆಲ, ಕರೆಂಟು, ಈ ಮೂರೂ ಸೇರಿದರೆ ಮುಗೀತು ಕಥೆ. ಚಾಚಾ ರಬ್ಬರ್ ಬೂಟು ಹಾಕಿದ್ದಾರೆ, ಹೆಗಲ ಮೇಲಿನ ಟವೆಲ್ಲು ತೆಗೆದಿಟ್ಟಿದ್ದಾರೆ. ನನ್ನ ಕೈಗೆ ಹಗ್ಗ. 'ಕೈಗೆ ಸುತ್ಕೋಬೇಡಿ. ನಾನು ಯಾವ ಕಡೆ ಇರ್ತೀನೋ ನೀವೂ ಅದೇ ಕಡೆ ನಿಲ್ಲಿ.' ಯಾಕೆ? ಕುದುರೆ ಬೆದರಿ ತಿರುಗಿದರೆ ನಾನು ತಲೆಯನ್ನ ನಮ್ಮ ಕಡೆ ಎಳೀಬೇಕು, ಆಗ ಹಿಂಗಾಲು ಆಚೆ ಹೋಗುತ್ತೆ. ಎದುರು ಕಡೆ ನಿಂತಿದ್ದರೆ ಹಿಂಗಾಲು ನೇರ ಚಾಚಾನ ಮೇಲೆ.

ಆಮೇಲೆ ಚಾಚಾ ಜೇಬಿನಿಂದ ಸೀಮೆಸುಣ್ಣ ತೆಗೆದರು. ನಾನು ಪೂರ್ತಿ ಗುಂಡು ಅಂತ ತಿಳಿದಿದ್ದೆ. ಇಲ್ಲ ಸ್ವಾಮಿ, ಇದರಲ್ಲೂ ಫ್ಯಾಷನ್ ಇದೆ! ಗಾಡಿ ಕುದುರೆಗೆ ಹೊಟ್ಟೆ ಕೆಳಗೆ ಒಂದು ಪಟ್ಟಿ, ಬೇಟೆ ಕುದುರೆಗೆ ಕಾಲು ಬಿಟ್ಟು ಮೈಯೆಲ್ಲ, ಇನ್ನೊಂದಕ್ಕೆ ಬೆನ್ನ ಮೇಲೆ ಕಂಬಳಿ ಹಾಸಿದ ಆಕಾರ ಉಳಿಸಿ. ರಾಣಿಗೆ ಬೇಟೆ ಕುದುರೆಯ ಕಟಿಂಗ್ ಅಂತ ತೀರ್ಮಾನ. ಮುಳ್ಳು ಕೆಸರು ತಾಗದಿರಲಿ ಅಂತ ಕಾಲಿನ ಕೂದಲು ಬಿಡೋದು, ಉಜ್ಜದಿರಲಿ ಅಂತ ಜೀನು ಕೂರೋ ಜಾಗ ಬಿಡೋದು. ಜೀನನ್ನೇ ಬೆನ್ನ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಎರಡೂ ಕಾಲಿನ ಗೆರೆ ಒಂದೇ ಎತ್ತರಕ್ಕೆ ಬರಲಿ ಅಂತ ದಾರದಲ್ಲಿ ಅಳತೆ. ಮುಖದಲ್ಲಿ, ಲಗಾಮಿನ ಕೆನ್ನೆಪಟ್ಟಿ ಎಲ್ಲಿ ಬರುತ್ತೋ ಅಲ್ಲಿಗೆ ಗೆರೆ. ಅದರ ಹಿಂದೆ ಕತ್ತರಿಸೋದು, ಮುಂದೆ ಹಾಗೇ ಬಿಡೋದು. ಲಗಾಮು ಹಾಕಿದರೆ ಗೆರೆಯೇ ಕಾಣೋದಿಲ್ಲ! ಎಂಥ ಮೇಕಪ್ ಮ್ಯಾನಿಗೂ ಹೊಳೆಯದ ಉಪಾಯ.

ಮಿಷನ್ ಚಾಲೂ ಆಯಿತು, ಹತ್ತು ಹೆಜ್ಜೆ ದೂರದಲ್ಲಿ. ರಾಣಿಯ ಎರಡು ಕಿವಿಯೂ ಅತ್ತ. ಹುಲ್ಲು ಜಗಿಯೋದು ನಿಂತಿತು. ಚಾಚಾನೂ ನಿಂತರು. ಮಾತಿಲ್ಲ ಕಥೆಯಿಲ್ಲ. ಒಂದು ಹಾಡಿನಷ್ಟು ಹೊತ್ತು ಕಳೆದ ಮೇಲೆ ಒಂದು ಕಿವಿ ಸಡಿಲ ಆಯಿತು, ದವಡೆ ಮತ್ತೆ ಅಲ್ಲಾಡಿತು. ಆಗ ಎರಡು ಹೆಜ್ಜೆ ಹತ್ತಿರ. ಹೀಗೇ ಬಂದು ಬಂದು, ಎಡಗೈಯನ್ನ ರಾಣಿಯ ಭುಜದ ಮೇಲಿಟ್ಟು, ಆ ಕೈಯ ಬೆನ್ನ ಮೇಲೆ ಮಿಷನ್ನಿನ ಹಿಡಿಕೆ ಇಟ್ಟರು. ನಡುಕ ಮೊದಲು ಚಾಚಾನ ಕೈಗೆ, ಕೈಯಿಂದ ರಾಣಿಗೆ. ಚರ್ಮ ಅದುರಿತು. ಚಾಚಾ ಕೈ ತೆಗೀಲಿಲ್ಲ. ಅದುರೋದು ನಿಂತಮೇಲೆ ಮಿಷನ್ ತೆಗೆದರು! ನನಗೆ ಆಶ್ಚರ್ಯ. 'ಅದುರುವಾಗ ತೆಗೆದ್ರೆ, ಅದುರಿದ್ರೆ ಹೋಗುತ್ತೆ ಅಂತ ಕಲಿತಾಳೆ. ಸುಮ್ನಿದ್ದಾಗ ತೆಗೆದ್ರೆ, ಸುಮ್ನಿದ್ರೆ ಹೋಗುತ್ತೆ ಅಂತ ಕಲಿತಾಳೆ.' ಪಿಯುಸಿಗೇ ಕಾಲೇಜಿಗೆ ನಮಸ್ಕಾರ ಹೊಡೆದ ನನಗೆ ಇಷ್ಟು ಚೆನ್ನಾಗಿ ಯಾವ ಲೆಕ್ಚರರೂ ಪಾಠ ಹೇಳಿರಲಿಲ್ಲ.

ಮೂರನೇ ಸಲಕ್ಕೆ ಬ್ಲೇಡು ಇಳಿಯಿತು. ಭುಜದ ಮೇಲೆ, ಕೂದಲು ಮಲಗಿದ ದಿಕ್ಕಿಗೆ ಎದುರಾಗಿ, ಒಂದು ನೀಳ ಗೀಟು. ಗುಂಗುರು ಕೂದಲು ಕಂಬಳಿಯ ತುಂಡಿನ ಹಾಗೆ ಸುರುಳಿ ಸುತ್ತಿ ಕೆಳಗೆ ಬಿತ್ತು. ಬಿಳಿ ಹೊಟ್ಟು ಹಾರಿತು. ಅಡಿಯಲ್ಲಿ ಇಲಿ ಬಣ್ಣ. ರಾಣಿ ಕತ್ತು ತಿರುಗಿಸಿ ಬಿದ್ದ ಕೂದಲನ್ನ ಮೂಸಿ, ಫುರ್ ಅಂತ ಉಸಿರು ಬಿಟ್ಟು ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು.

ಒಂದು ಭುಜ ಆದಮೇಲೆ ಹಗ್ಗ ಚಾಚಾ ತಗೊಂಡರು, ಮಿಷನ್ ನನ್ನ ಕೈಗೆ. ಪಕ್ಕೆಯ ಅಗಲ ಜಾಗ, ಕಲಿಯೋರಿಗೆ ಅದೇ ಸಲೀಸು. ಕಿಲೋಗಿಂತ ಹೆಚ್ಚಿನ ತೂಕ, ನಡುಕ ಮೊಣಕೈವರೆಗೂ ಏರುತ್ತೆ. 'ಒತ್ತಬೇಡಿ, ಅದರ ಭಾರಾನೇ ಸಾಕು. ಬ್ಲೇಡು ಚಪ್ಪಟೆ ಇರಲಿ. ಹಿಂದಿನ ಗೀಟಿನ ಮೇಲೆ ಸ್ವಲ್ಪ ಏರಿಸ್ಕೊಂಡು ಬನ್ನಿ.' ನನ್ನ ಜೀವನದಲ್ಲಿ ಎಷ್ಟೋ ಸ್ಟಾರ್‌ಗಳ ಕೈ ಕುಲುಕಿದ್ದೀನಿ, ಆದರೆ ಐನೂರು ಕಿಲೋ ತೂಗೋ ಜೀವ ನನ್ನ ಕೈಯ ಕೆಳಗೆ ಉಸಿರಾಡ್ತಾ, ಬೇಕಾದರೆ ಒಂದೇ ಒದೆಗೆ ನನ್ನ ಕಥೆ ಮುಗಿಸೋ ಶಕ್ತಿ ಇದ್ದೂ ಸುಮ್ಮನೆ ನಿಂತಿರೋದು ಇದೆಯಲ್ಲ... ಆ ರೋಮಾಂಚ ಬೇರೆ. ಐದೈದು ನಿಮಿಷಕ್ಕೆ ಮಿಷನ್ ನಿಲ್ಲಿಸಿ ಬ್ಲೇಡನ್ನ ಮಣಿಕಟ್ಟಿನ ಒಳಗೆ ಇಟ್ಟು ನೋಡಬೇಕು. ನಮಗೆ ಸುಡೋಷ್ಟಿದ್ದರೆ ಅವಳಿಗೂ ಸುಡುತ್ತೆ. ಕೂದಲು ಒರೆಸಿ, ಎಣ್ಣೆ ಬಿಟ್ಟು, ಆರಿದ ಮೇಲೆ ಮತ್ತೆ. ಕಿಬ್ಬೊಟ್ಟೆ ಹತ್ತಿರ ಕೂದಲು ಸುಳಿ ಸುಳಿಯಾಗಿರುತ್ತೆ, ಸುಳಿ ತಿರುಗಿದ ಹಾಗೆ ಮಿಷನ್ನೂ ತಿರುಗಬೇಕು. ಮುಂಗಾಲಿನ ಸಂದಿಯಲ್ಲಿ ಚರ್ಮ ಸಡಿಲ, ಇನ್ನೊಂದು ಕೈಯಲ್ಲಿ ಎಳೆದು ಹಿಡೀದಿದ್ದರೆ ಮಡಿಕೆ ಸಿಕ್ಕಿ ಕುಯ್ದುಹೋಗುತ್ತೆ. ಅಂಥ ಕಡೆಯೆಲ್ಲ ಚಾಚಾನೇ.

ಪಕ್ಕೆಯ ಕೂದಲು ಪೂರ್ತಿ ಇಳಿದ ಮೇಲೆ ಚಾಚಾ ಕೈ ಎತ್ತಿ 'ನಿಲ್ಸಿ' ಅಂದರು. ಮಿಷನ್ ನಿಂತಿತು.

ಎಲುಬು. ಒಂದು, ಎರಡು, ಮೂರು... ಎಣಿಸಬಹುದಿತ್ತು. ಬೆನ್ನುಮೂಳೆಯ ಎರಡೂ ಕಡೆ ಗುಳಿ. ಗುಂಗುರು ಕೂದಲ ಕೆಳಗೆ ರಾಣಿ ಇಷ್ಟು ಕರಗಿದ್ದಾಳೆ ಅಂತ ದಿನಾ ಮೈ ತಿಕ್ಕೋ ಚಾಚಾಗೂ ಗೊತ್ತಾಗಿರಲಿಲ್ಲ. ಎಡಪಕ್ಕೆಯಲ್ಲಿ ಒಂದು ಗೇಣುದ್ದದ ಹಳೇ ಗಾಯದ ಕಲೆ ಬೇರೆ. ಯಾವ ರೇಸಿನದೋ, ಯಾವ ಷೂಟಿಂಗಿನದೋ, ಯಾವ ಮದುವೆ ಪಟಾಕಿಯದೋ, ಅವಳು ಚಾಚಾನ ಹತ್ತಿರ ಬರೋ ಮೊದಲಿನದು. ಚಾಚಾ ಆ ಕಲೆಯ ಮೇಲೆ ಬೆರಳಾಡಿಸಿದರು. 'ಕೂದಲು ಸುಳ್ಳು ಹೇಳ್ತಿತ್ತು ನಂಗೆ' ಅಂದರು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ. ನನಗೆ ಜನವರಿಯ ಆ ಸ್ಲೋ ಮೋಷನ್ ಷಾಟ್ ನೆನಪಾಯಿತು. ಥಿಯೇಟರಿನಲ್ಲಿ ನಾವು ಶಿಳ್ಳೆ ಹೊಡೆಯೋದು ಯಾವುದಕ್ಕೆ ಅಂತ ಅಲ್ಲೇ ನಿಂತು ಯೋಚಿಸಿದೆ.

ಹೊಟ್ಟೆ ಕೆಳಗೆ ಹೋದಾಗ ರಾಣಿ ಎರಡು ಸಲ ಹಿಂಗಾಲು ಬಡಿದಳು. ಕಚಗುಳಿ. ಚಾಚಾ ಮಿಷನ್ ಒರೆಸಿ ಡಬ್ಬಿಗೆ ಹಾಕೇಬಿಟ್ಟರು. 'ಇವತ್ತಿಗೆ ಸಾಕು, ಬಾಕಿ ನಾಳೆ.' ಬಲಗಡೆ ಇನ್ನೂ ಮುಟ್ಟೇ ಇಲ್ಲ! ಸಂಜೆ ಊರ ಹುಡುಗರೆಲ್ಲ ಬೇಲಿ ಮೇಲೆ ಸಾಲು. ಒಂದು ಕಡೆಯಿಂದ ನೋಡಿದರೆ ಕರಡಿ, ಇನ್ನೊಂದು ಕಡೆಯಿಂದ ಕುದುರೆ. ಡಬಲ್ ಆಕ್ಟಿಂಗ್! ಮೈನಾ ಹಕ್ಕಿಗಳು ಬಂದು ಬಿದ್ದ ಕೂದಲನ್ನ ಗೂಡಿಗೆ ಹೊತ್ತವು. ಸೋಮವಾರ ಬಲಗಡೆ, ಕತ್ತು, ಅರ್ಧ ಮುಖ. ಮುಖಕ್ಕೆ ದೊಡ್ಡ ಮಿಷನ್ ಬೇಡ, ಕಟಿಂಗ್ ಷಾಪಿನ ಟ್ರಿಮ್ಮರೇ. ಕಿವಿಯ ಒಳಗಿನ ಕೂದಲು ತೆಗೆಯಲಿಲ್ಲ, ಹುಳ ಹುಪ್ಪಟೆ ಹೋಗದಿರಲಿ ಅಂತ. ಮೂತಿಯ ಮೀಸೆಯೂ ಹಾಗೇ ಇತ್ತು. ನೋಡೋಕೆ ಬಂದಿದ್ದ ಮೇನೇಜರು 'ಮೀಸೆ ಟ್ರಿಮ್ ಮಾಡ್ಸಿ, ಕ್ಲೋಸಪ್‌ಗೆ ನೀಟಾಗಿರುತ್ತೆ' ಅಂದದ್ದಕ್ಕೆ ಚಾಚಾ ಅವನ ಮೀಸೆಯನ್ನೇ ದಿಟ್ಟಿಸಿ ನೋಡಿದರು. ಕುದುರೆಗೆ ತನ್ನ ಮೂತಿಯ ಕೆಳಗೆ ಏನಿದೆ ಅಂತ ಕಣ್ಣಿಗೆ ಕಾಣೋದಿಲ್ಲ, ಮೀಸೆಯೇ ಕಣ್ಣು. ಅಂತರರಾಷ್ಟ್ರೀಯ ಕುದುರೆ ಸ್ಪರ್ಧೆಗಳಲ್ಲಿ 2021ರ ಜುಲೈಯಿಂದ ಮೀಸೆ ಕತ್ತರಿಸಿದ ಕುದುರೆಯನ್ನು ಸ್ಪರ್ಧೆಗೆ ಬಿಡೋದೇ ಇಲ್ಲ. ಚಾಚಾಗೆ ಆ ನಿಯಮ ನಾನು ಹೇಳಿದಾಗ, 'ಅಷ್ಟು ತಡ ಯಾಕೆ ಮಾಡಿದ್ರು?' ಅಂತ ಕೇಳಿದರು.

ಬುಧವಾರ ಮಧ್ಯಾಹ್ನ ಗಡಿಯಾರ ಹಿಡಿದು ನಾನೇ ಎಣಿಸಿದೆ. ನಿಮಿಷಕ್ಕೆ 18.

ಇನ್ನು ಹಾಡು. ಕಂಪೆನಿಯವರು ಬೇರೆ ಕುದುರೆ ನೋಡಿದರು, ಒಂದು ಒದೆಯಿತು, ಇನ್ನೊಂದರ ಹಣೆಯಲ್ಲಿ ಅಂಗೈಯಗಲ ಬಿಳಿ. (2001ರ ನಿಯಮ ಬಂದಮೇಲೆ ಸಿನೆಮಾದಲ್ಲಿ ಪ್ರಾಣಿ ಬಳಸೋಕೆ ಮುಂಚೆಯೇ ಅರ್ಜಿ ಹಾಕಿ ಅನುಮತಿ ಪಡೀಬೇಕು, ಅದರ ತಲೆನೋವು ಬೇರೆ.) ಕೊನೆಗೆ ದಾರಿ ತೋರಿಸಿದವನು ಒಬ್ಬ ಚಿಗುರುಮೀಸೆಯ ಸಹಾಯಕ ನಿರ್ದೇಶಕ. ಲಾಯಕ್ಕೆ ಬಂದ, ರಾಣಿಯನ್ನ ಸುತ್ತು ಹಾಕಿ ನೋಡಿದ. 'ಸಾರ್, ಮುಖ ಕಂದೇ ಇದೆ, ಕಾಲೂ ಹಾಗೇ ಇದೆ. ಮೈಗೂ ಕತ್ತಿಗೂ ಒಂದು ಜರಿ ಹೊದಿಕೆ ಹಾಕಿದರೆ ಯಾರಿಗೆ ಗೊತ್ತಾಗುತ್ತೆ?' ಡೈರೆಕ್ಟರು ಗೊಣಗಿದರು, 'ಮೊದಲರ್ಧದಲ್ಲಿ ಹೊದಿಕೆ ಇಲ್ಲವಲ್ಲಯ್ಯಾ!' ಹುಡುಗ ಕೈಕಟ್ಟಿ ಹೇಳಿದ, 'ಸಾರ್, ಒಂದೇ ಹಾಡಿನಲ್ಲಿ ಹೀರೋಯಿನ್ ಆರು ಸೀರೆ ಬದಲಾಯಿಸ್ತಾರೆ. ಕುದು��ೆ ಒಂದು ಸಲ ಬದಲಾಯಿಸಬಾರದಾ?'

ಗೆಳೆಯರೇ, ಈ ಹುಡುಗನ ಮೇಲೆ ಕಣ್ಣಿಟ್ಟಿರಿ. ಮುಂದೆ ಬರ್ತಾನೆ.

ಚಾಚಾ ಒಪ್ಪಿದರು, ಆದರೆ ಷರತ್ತು ಹಾಕಿ. ಹೊದಿಕೆ ತೆಳು ಹತ್ತಿಯದಾಗಿರಬೇಕು, ಜರಿ ಅಂಚಿಗೆ ಮಾತ್ರ. ಬೆಳಿಗ್ಗೆ ಒಂಬತ್ತರೊಳಗೆ ಷಾಟ್ ಮುಗೀಬೇಕು. ನಡಿಗೆ ಮಾತ್ರ, ಓಟ ಇಲ್ಲ. ಎರಡು ದಿನದ ಕೆಲಸ ಮೂರು ಬೆಳಿಗ್ಗೆ ಹಿಡಿಯಿತು. ಅದಕ್ಕೆ ಕಂಪೆನಿಯವರು ಬಾಡಿಗೆಯಲ್ಲಿ ಮೂರನೇ ಒಂದು ಭಾಗ ಮುರಿದುಕೊಂಡರು. ಚಾಚಾ ಜಗಳ ಆಡಲಿಲ್ಲ, ನಾನು ಆಡಿದೆ, ಪ್ರಯೋಜನ ಆಗಲಿಲ್ಲ. ಹೊದಿಕೆಯನ್ನು ಮಾತ್ರ ಚಾಚಾ ವಾಪಸು ಕೊಡಲಿಲ್ಲ!

ಅದು ಈಗ ದಿನಾ ಕೆಲಸಕ್ಕೆ ಬರುತ್ತಿದೆ. ಕೂದಲಿಲ್ಲದ ಮೈಗೆ ಬೆಳಗಿನ ಜಾವದ ಗಾಳಿ ತಾಗುತ್ತೆ, ಮಳೆ ನೇರ ಚರ್ಮಕ್ಕೆ ಇಳಿಯುತ್ತೆ, ನೊಣಕ್ಕಂತೂ ಹಬ್ಬ. ರಾತ್ರಿ ಹೊದಿಸಬೇಕು, ಬಿಸಿಲೇರಿದ ಮೇಲೆ ತೆಗೀಬೇಕು, ಮಳೆ ಬಂದರೆ ಒಳಗೆ ಕಟ್ಟಬೇಕು. ಚಾಚಾ ಈಗ ಲಾಯದಲ್ಲೇ ಮಂಚ ಹಾಕಿಕೊಂಡಿದ್ದಾರೆ. ಮಾತ್ರೆ ನಡೀತಿದೆ, ಬೆಲ್ಲ ನಿಂತಿದೆ, ಎಲುಬಿನ ಮೇಲೆ ಒಂದಿಷ್ಟು ಮಾಂಸ ಬಂದಿದೆ. ಕೂದಲು ಮತ್ತೆ ಬೆಳೆಯೋಕೆ ಶುರುವಾಗಿದೆ, ಕೂದಲಿನ ಜೊತೆ ಆ ಚಿನ್ನದ ಕಂದು ಬಣ್ಣವೂ. ಮುಂದಿನ ಸಲ ಸೀಮೆಸುಣ್ಣ ತೆಗೆದಾಗ ಎಡಗಡೆ ಪೂರ್ತಿ ನನಗೇ ಅಂತ ಚಾಚಾ ಮಾತು ಕೊಟ್ಟಿದ್ದಾರೆ. ಹಾಡು ಬಿಡುಗಡೆಯಾದಾಗ ಮೂರನೇ ಚರಣ ಗಮನಿಸಿ ನೋಡಿ: ಹೀರೋಯಿನ್ ಹಸಿರು ಸೀರೆಯಲ್ಲಿ ಬರ್ತಾರೆ, ಕೆಳಗೆ ಕೆಂಪು ಜರಿಯಂಚಿನ ಹೊದಿಕೆ.

ಮುಂದಿನ ವಾರ: ಮಳೆ ಹಾಡಿಗೆ ಮಳೆ ತರೋ ಟ್ಯಾಂಕರ್ ಡ್ರೈವರ್!